ಮುಪ್ಪಿನ ನಾಯಿ, ಒಂಟಿತನದ ಭಯ: ಸಾಕಿದವರಿಗೊಂದು ಕಿವಿಮಾತು

ಮರಿ ತಂದ ಹೊಸದರಲ್ಲಿ ಎಲ್ಲರೂ ಹತ್ತು ಜನರನ್ನು ಕೇಳುತ್ತಾರೆ. ಲಸಿಕೆ ಯಾವಾಗ ಹಾಕಿಸಬೇಕು, ಹಾಲುಹಲ್ಲು ಯಾವಾಗ ಬೀಳುತ್ತದೆ, ಉಚ್ಚೆಗೆ ಹೊರಗೆ ಹೋಗುವುದನ್ನು ಹೇಗೆ ಕಲಿಸಬೇಕು ಎಂದೆಲ್ಲ ವಿಚಾರಿಸುತ್ತಾರೆ. ಅದೇ ನಾಯಿಗೆ ಹನ್ನೆರಡು ಹದಿಮೂರು ತುಂಬಿ, ನಡುರಾತ್ರಿ ಎದ್ದು ಗೋಡೆ ನೋಡುತ್ತಾ ನಿಂತರೆ, ನೀವು ಚಪ್ಪಲಿ ಮೆಟ್ಟಿದ ಕೂಡಲೇ ಊಳಿಡತೊಡಗಿದರೆ, ಯಾರಿಗೂ ದಾರಿ ತೋಚುವುದಿಲ್ಲ. "ವಯಸ್ಸಾಯ್ತು, ಹಟ ಜಾಸ್ತಿಯಾಗಿದೆ" ಎಂದು ಸುಮ್ಮನಾಗುತ್ತಾರೆ, ಇಲ್ಲವೇ ಗದರುತ್ತಾರೆ. ಅದರಲ್ಲಿ ಹಟ ಇಲ್ಲ ಮಕ್ಕಳೇ, ಇರುವುದು ಮುಪ್ಪಿನ ಮರೆವು, ಹೆದರಿಕೆ.

ನಾನು ಹುಟ್ಟಿ ಬೆಳೆದ ತೋಟದ ಮನೆಯಲ್ಲಿ ನಾಯಿ ಒಂಟಿಯಾಗಿ ಉಳಿಯುವ ಮಾತೇ ಇರಲಿಲ್ಲ. ಜಗಲಿಯಲ್ಲಿ ಅಜ್ಜ, ಅಂಗಳದಲ್ಲಿ ಆಳುಕಾಳು, ಹಿತ್ತಲಲ್ಲಿ ಹೆಂಗಸರು ಇದ್ದೇ ಇರುತ್ತಿದ್ದರು. ಈಗಿನ ಪೇಟೆ ಮನೆಗಳಿಗೆ ಬೆಳಿಗ್ಗೆ ಬೀಗ ಬಿದ್ದರೆ ತೆಗೆಯುವುದು ಸಂಜೆಗೇ. 2020ರ ಲಾಕ್‌ಡೌನ್‌ನಲ್ಲಿ ಮನೆಯಿಂದಲೇ ಕೆಲಸ ಮಾಡಿದವರ ಕಾಲಬುಡದಲ್ಲಿ ಮಲಗಿ ರೂಢಿಯಾದ ನಾಯಿಗಳಿಗೆ ಈಗ ಮುಪ್ಪು ಬರುತ್ತಿದೆ, ಮನೆಯವರು ಆಫೀಸಿಗೆ ಹೋಗುತ್ತಿದ್ದಾರೆ. ಜನ್ಮವಿಡೀ ನಾಯಿಗಳ ಜೊತೆಗೇ ಬಾಳಿದವಳಾಗಿ ನಾನು ಹೇಳುವುದು ಇಷ್ಟೇ: ನಾಯಿಗೆ ನೆನಪು ಕೈಕೊಟ್ಟಾಗ ಮನೆಯೇ ಅದರ ನೆನಪಾಗಬೇಕು. ಜಾಗ ಬದಲಾಗಬಾರದು, ಹೊತ್ತು ತಪ್ಪಬಾರದು, ಜೊತೆ ಕಡಿಯಬಾರದು. ಮುಂದಿನ ಮಾತುಗಳಲ್ಲಿ ಬಹುಪಾಲು ಈ ಮೂರನ್ನು ಪಾಲಿಸುವ ಬಗೆ.

ಮೊದಲು ಗುರುತು ಹಿಡಿಯಿರಿ

- ಮುಪ್ಪು ಎಲ್ಲ ನಾಯಿಗೂ ಒಂದೇ ವಯಸ್ಸಿಗೆ ಬರುವುದಿಲ್ಲ. ಗ್ರೇಟ್ ಡೇನ್‌ನಂಥ ಭಾರಿ ಮೈಯವು ಆರೇಳು ವರ್ಷಕ್ಕೇ ಮುದಿಯಾಗುತ್ತವೆ. ಪೊಮೇರಿಯನ್, ಡ್ಯಾಷ್‌ಹಂಡ್‌ನಂಥ ಚಿಕ್ಕವು ಹತ್ತು ದಾಟಿದರೂ ಚುರುಕಾಗಿರುತ್ತವೆ. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11-12 ವರ್ಷದ ನಾಯಿಗಳ ಪೈಕಿ ಶೇ. 28ರಲ್ಲಿ, 15-16 ವರ್ಷದವುಗಳ ಪೈಕಿ ಶೇ. 68ರಲ್ಲಿ ಅರಳುಮರಳಿನ ಒಂದಾದರೂ ಲಕ್ಷಣ ಕಂಡಿತ್ತು. ನಿಮ್ಮ ಮನೆಯೊಂದಕ್ಕೇ ಬಂದ ಕಷ್ಟ ಇದು ಎಂದು ಕುಗ್ಗಬೇಡಿ.

- ಇವುಗಳ ಮೇಲೆ ಕಣ್ಣಿಡಿ: ಮನೆಯ ಮೂಲೆಯಲ್ಲೋ ಕುರ್ಚಿಯ ಹಿಂದೆಯೋ ಸಿಕ್ಕಿಕೊಂಡು ಹೊರಬರಲು ತಿಳಿಯದೆ ನಿಲ್ಲುವುದು. ಬಾಗಿಲು ತೆರೆಯುವ ಕಡೆ ಬಿಟ್ಟು ಕೀಲಿನ ಕಡೆ ಕಾಯುವುದು. ಮನೆಯವರನ್ನೇ ಅಪರಿಚಿತರಂತೆ ನೋಡುವುದು, ಇಲ್ಲವೇ ಒಂದು ಗಳಿಗೆಯೂ ಬಿಡದೆ ಬೆನ್ನು ಹತ್ತುವುದು. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಓಡಾಟ. ಹೊರಗೆ ಹೋಗಿ ಬಂದ ಮೇಲೂ ಒಳಗೆ ಉಚ್ಚೆ ಮಾಡುವುದು.

- ಅರಳುಮರಳಿನ ಕಾಯಿಲೆಯಲ್ಲಿ ನಾಯಿಯ ಮಿದುಳಿನಲ್ಲಿ ಬೀಟಾ ಅಮಿಲಾಯ್ಡ್ ಎಂಬ ಪ್ರೋಟೀನ್ ಗಂಟುಗಟ್ಟುತ್ತದೆ. ಮನುಷ್ಯರ ಅಲ್‌ಝೈಮರ್ಸ್‌ನಲ್ಲೂ ಕಾಣುವುದು ಇದೇ. ಮಿದುಳಿನಲ್ಲೇ ತೊಡಕಾಗಿರುವಾಗ ಬೈದರೆ, ಹೊಡೆದರೆ, ಮೂತಿಯನ್ನು ಉಚ್ಚೆಗೆ ಉಜ್ಜಿದರೆ ನಾಯಿ ಏನನ್ನೂ ಕಲಿಯುವುದಿಲ್ಲ. ನಿಮ್ಮನ್ನು ಕಂಡರೆ ಹೆದರುವುದೊಂದನ್ನು ಮಾತ್ರ ಕಲಿಯುತ್ತದೆ.

- ಅರಳುಮರಳು ತಿಂಗಳುಗಟ್ಟಲೆ ಮೆಲ್ಲಗೆ ಬರುತ್ತದೆ. ಒಂದೇ ದಿನದಲ್ಲಿ ತಲೆ ಒಂದು ಕಡೆಗೆ ವಾಲಿ, ಕಣ್ಣುಗುಡ್ಡೆ ಅತ್ತಿತ್ತ ಅದುರಿ, ನಾಯಿ ಸುತ್ತು ಹಾಕಿ ಬಿದ್ದರೆ ಅದು ಒಳಗಿವಿಯ ಸಮತೋಲ ತಪ್ಪಿದ ತೊಂದರೆ ಇರಬಹುದು. ಇದು ಬಂದ ಬಹಳಷ್ಟು ಮುದಿ ನಾಯಿಗಳು ಕೆಲವು ದಿನ, ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ. ತಲೆಯನ್ನು ಗೋಡೆಗೆ ಒತ್ತಿಕೊಂಡೇ ನಿಂತರೆ, ಫಿಟ್ಸ್ ಬಂದರೆ, ಅದೇ ದಿನ ಡಾಕ್ಟರಲ್ಲಿಗೆ ಒಯ್ಯಿರಿ.

- ನಮ್ಮ ದೇಶದಲ್ಲಿ ಮರೆಯಬಾರದ ಮಾತೊಂದಿದೆ. ರೇಬೀಸ್ ಲಸಿಕೆ ತಪ್ಪಿಹೋಗಿರುವ ನಾಯಿಯ ನಡತೆ ಹಠಾತ್ತನೆ ಬದಲಾದರೆ, ದವಡೆ ಜೋತುಬಿದ್ದು ಜೊಲ್ಲು ಸುರಿದರೆ, ನೀರು ನುಂಗಲು ಆಗದಿದ್ದರೆ, "ಮುದಿಯಾಗಿದೆ" ಎಂದುಕೊಂಡು ಬಾಯಿಗೆ ಕೈ ಹಾಕಬೇಡಿ. ಮಕ್ಕಳನ್ನು ದೂರವಿಟ್ಟು ಪಶುವೈದ್ಯರಿಗೆ ಫೋನ್ ಮಾಡಿ. ಎಷ್ಟೇ ವಯಸ್ಸಾದರೂ ಲಸಿಕೆ ನಿಲ್ಲಿಸಬೇಡಿ.

- ಮೊಬೈಲಿನಲ್ಲಿ ವೀಡಿಯೊ ಮಾಡಿಡಿ. ನೀವು ಹೊರಟ ಮೇಲೆ ಏನಾಗುತ್ತದೆ, ರಾತ್ರಿ ಹೇಗೆ ಓಡಾಡುತ್ತದೆ ಎಂಬುದು ಆಸ್ಪತ್ರೆಯ ಮೇಜಿನ ಮೇಲೆ ಕಾಣುವುದಿಲ್ಲ. ಒಂಟಿತನದ ಭಯ ಸಾಮಾನ್ಯವಾಗಿ ಬಾಗಿಲು ಮುಚ್ಚಿದ ಮೊದಲ ಅರ್ಧ ಗಂಟೆಯೊಳಗೇ ತೋರುತ್ತದೆ: ಏದುಸಿರು, ಜೊಲ್ಲು, ಬಾಗಿಲು ಪರಚುವುದು, ಊಳಿಡುವುದು.

ಡಾಕ್ಟರ ಹತ್ತಿರ ಕೇಳಬೇಕಾದ್ದು

- ಮೊದಲು ನೋವನ್ನು ಹುಡುಕಿಸಿ. ಎಂದೂ ಇಲ್ಲದ ಒಂಟಿತನದ ಭಯ ಮುಪ್ಪಿನಲ್ಲಿ ಹೊಸದಾಗಿ ಬಂತೆಂದರೆ ಸೊಂಟದ, ಮಂಡಿಯ, ಹಲ್ಲಿನ ನೋವು ಹಿಂದೆ ಇರುವುದು ಬಹಳ. ನೋವಿರುವ ನಾಯಿ ಮಲಗಿದ ಮಗ್ಗುಲು ಹೊರಳಿಸಲಾಗದೆ ಎದ್ದು ಓಡಾಡುತ್ತದೆ. ನಾವು ಅದಕ್ಕೆ ಬುದ್ಧಿ ಕೆಟ್ಟಿದೆ ಎನ್ನುತ್ತೇವೆ.

- ರಕ್ತ, ಉಚ್ಚೆ, ರಕ್ತದೊತ್ತಡ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ, ಕುಶಿಂಗ್ಸ್ ಎಂಬ ಹಾರ್ಮೋನು ತೊಂದರೆ ಇದ್ದರೂ ನಾಯಿ ಹೆಚ್ಚು ನೀರು ಕುಡಿದು ಒಳಗೇ ಉಚ್ಚೆ ಮಾಡುತ್ತದೆ. ನೆಲ ಒದ್ದೆಯಾಗುತ್ತದೆಂದು ನೀರಿನ ಬಟ್ಟಲು ಎತ್ತಿಡುವುದು ಅಪಾಯ.

- ಉಚ್ಚೆ ಮಾಡಿದ್ದೋ, ಸೋರಿದ್ದೋ ಎಂದು ಗಮನಿಸಿ. ಸಂತಾನಹರಣ ಮಾಡಿಸಿದ ಹೆಣ್ಣು ನಾಯಿಗಳಿಗೆ ವಯಸ್ಸಾದಂತೆ ನಿದ್ದೆಯಲ್ಲೇ ಸೋರುವುದುಂಟು. ಎದ್ದಾಗ ಹಾಸಿಗೆ ಒದ್ದೆಯಾಗಿದ್ದು, ನಾಯಿಗೆ ಅದರ ಅರಿವೇ ಇಲ್ಲದಿದ್ದರೆ ಇದೇ ಇರಬಹುದು. ಅದಕ್ಕೆ ಒಳ್ಳೆಯ ಔಷಧವಿದೆ.

- ಕಣ್ಣು, ಕಿವಿ ನೋಡಿಸಿ. ಕಿವಿ ಕೇಳದ ನಾಯಿಗೆ ನೀವು ಪಕ್ಕದ ಕೋಣೆಯಲ್ಲಿದ್ದರೂ ಮನೆ ಖಾಲಿ ಎನಿಸುತ್ತದೆ. ಮಂಕಾಗಿ ಊಟ ಬಿಟ್ಟರೆ ಉಣುಗು ಕಚ್ಚಿ ಬರುವ ಜ್ವರದ ಪರೀಕ್ಷೆಯನ್ನೂ ಕೇಳಿ. ನಮ್ಮ ಕಡೆ ಅದು ಸಾಮಾನ್ಯ.

- ಆರು ತಿಂಗಳಿಗೊಮ್ಮೆ ತೋರಿಸಿ. ಹತ್ತಿರದ ಚಿಕಿತ್ಸಾಲಯದಲ್ಲಿ ಉತ್ತರ ಸಿಗದಿದ್ದರೆ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಅಲ್ಲಿ ವಿಚಾರಿಸಿ.

ಜಾಗ ಬದಲಿಸಬೇಡಿ

- ಮೊದಲು ನೆಲ ಸರಿಪಡಿಸಿ. ಗ್ರಾನೈಟ್, ಟೈಲ್ಸ್ ಮೇಲೆ ಮುದಿ ನಾಯಿಯ ಹಿಂಗಾಲು ಜಾರುತ್ತದೆ. ಎರಡು ಸಲ ಬಿದ್ದ ನಾಯಿ ನೀರಿನ ಬಟ್ಟಲಿನ ತನಕ ಹೋಗಲೂ ಹೆದರುತ್ತದೆ. ಮಲಗುವ ಜಾಗದಿಂದ ನೀರಿಗೆ, ಬಾಗಿಲಿಗೆ ಹೋಗುವ ದಾರಿಯುದ್ದಕ್ಕೂ ಹಳೆಯ ಜಮಖಾನ, ಗೋಣಿಚೀಲ, ಯೋಗ ಮಾಡುವ ಮ್ಯಾಟ್ ಯಾವುದಾದರೂ ಹಾಸಿ. ಅಂಚು ಮಡಚಿಕೊಳ್ಳದಂತೆ ಅಂಟಿಸಿ. ಉಗುರು ಕತ್ತರಿಸಿ, ಪಾದದಡಿಯ ಕೂದಲನ್ನೂ ಸವರಿ.

- ಮಂಚ, ಸೋಫಾ, ಮೇಜುಗಳ ಜಾಗ ಬದಲಿಸಬೇಡಿ. ಕಣ್ಣು ಮಂಜಾದ ನಾಯಿ ರೂಢಿಯ ಮೇಲೆ ನಡೆಯುತ್ತದೆ. ಸುಣ್ಣಬಣ್ಣ, ರಿಪೇರಿ ಕೆಲಸಗಳನ್ನು ಆದಷ್ಟು ಮುಂದಕ್ಕೆ ಹಾಕಿ. ಮನೆಯನ್ನೇ ಬದಲಿಸಬೇಕಾಗಿ ಬಂದರೆ ಅದರ ಹಾಸಿಗೆ, ಬಟ್ಟಲನ್ನು ತೊಳೆಯದೆ ಹಳೆಯ ವಾಸನೆಯೊಂದಿಗೇ ಒಯ್ಯಿರಿ.

- ಮೂಲೆಗಳನ್ನು ಮುಚ್ಚಿ. ಬೀರುವಿನ ಸಂದು, ಫ್ರಿಡ್ಜ್ ಹಿಂದೆ, ಮಂಚದಡಿ ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ದಿಂಬೋ ಹಲಗೆಯೋ ಇಡಿ. ಮೆಟ್ಟಿಲಿಗೆ ಅಡ್ಡಗಟ್ಟಿ. ನೀರಿನ ಸಂಪಿನ ಮುಚ್ಚಳ, ಹಿತ್ತಲ ಬಾವಿ, ಬಾಲ್ಕನಿಯ ಸರಳುಗಳ ನಡುವಿನ ಸಂದು ಇವನ್ನೆಲ್ಲ ಇಂದೇ ನೋಡಿ.

- ಗೇಟು ತೆರೆದಿದ್ದರೆ ಹೊರಟುಬಿಡುತ್ತದೆ, ವಾಪಸು ಬರಲು ತಿಳಿಯುವುದಿಲ್ಲ. ಕಾಲರ್‌ಗೆ ಫೋನ್ ನಂಬರ್ ಬರೆದ ಬಿಲ್ಲೆ ಸದಾ ಇರಲಿ. ಮೈಕ್ರೋಚಿಪ್ ಹಾಕಿಸಿದ್ದರೆ ಅದರಲ್ಲಿರುವ ನಂಬರ್ ಈಗಿನದೇ ಎಂದು ಖಚಿತಪಡಿಸಿಕೊಳ್ಳಿ.

ಹೊತ್ತು ತಪ್ಪಿಸಬೇಡಿ

- ಏಳುವುದು, ಉಚ್ಚೆಗೆ ಒಯ್ಯುವುದು, ಊಟ, ನಡಿಗೆ, ಮಲಗುವುದು ಎಲ್ಲವೂ ದಿನಾ ಅದೇ ಹೊತ್ತಿಗೆ ಆಗಲಿ. ಭಾನುವಾರವೂ ಹಾಗೇ. ಮುಂದೆ ಏನಾಗುತ್ತದೆಂದು ತಿಳಿದಿರುವ ನಾಯಿಗೆ ಭಯ ಕಡಿಮೆ.

- ಉಚ್ಚೆಗೆ ಮೊದಲಿಗಿಂತ ಹೆಚ್ಚು ಸಲ ಒಯ್ಯಿರಿ. ಎದ್ದ ಕೂಡಲೇ, ಉಂಡ ಕೂಡಲೇ, ಮಲಗುವ ಮುಂಚೆ ಕಡ್ಡಾಯ. ಒಂದೇ ಬಾಗಿಲಿನಿಂದ, ಒಂದೇ ಜಾಗಕ್ಕೆ ಹೋಗಿ, ಮುಗಿಯುವವರೆಗೆ ಜೊತೆಗೇ ನಿಲ್ಲಿ. ಅದು ಬಂದ ಕೆಲಸವನ್ನೇ ಮರೆತು ಒಳಗೆ ಬಂದುಬಿಡುತ್ತದೆ.

- ನಡಿಗೆ ನಿಲ್ಲಿಸಬೇಡಿ, ಚಿಕ್ಕದು ಮಾಡಿ. ಅಮೆರಿಕದ ಡಾಗ್ ಏಜಿಂಗ್ ಪ್ರಾಜೆಕ್ಟ್ 2022ರಲ್ಲಿ 15,019 ನಾಯಿಗಳ ಮಾಹಿತಿ ಪ್ರಕಟಿಸಿತು. ಚೆನ್ನಾಗಿ ಓಡಾಡುವ ನಾಯಿಗಳಿಗೆ ಹೋಲಿಸಿದರೆ ಜಡವಾಗಿರುವ ನಾಯಿಗಳಲ್ಲಿ ಅರಳುಮರಳಿನ ಸಂಭವ ಸುಮಾರು ಆರೂವರೆ ಪಟ್ಟು ಹೆಚ್ಚು ಕಂಡಿತ್ತು. ಕಾಯಿಲೆಯೇ ನಾಯಿಯನ್ನು ಜಡವಾಗಿಸಿರಲೂಬಹುದು. ಆದರೂ ಹಗುರ ನಡಿಗೆಯಿಂದ ಕೀಲು ಸಡಿಲವಾಗುತ್ತದೆ, ರಾತ್ರಿ ನಿದ್ದೆ ಬರುತ್ತದೆ. ಬೇಸಿಗೆಯಲ್ಲಿ ಬಿಸಿಲೇರುವ ಮುಂಚೆ ಹೋಗಿ. ಟಾರು ರಸ್ತೆಗೆ ಅಂಗೈ ಒತ್ತಿ ನೋಡಿ, ನಿಮಗೆ ಸುಟ್ಟರೆ ಅದಕ್ಕೂ ಸುಡುತ್ತದೆ.

- ಮೂಗಿಗೆ ಕೆಲಸ ಕೊಡಿ. ಕಣ್ಣು ಕಿವಿ ಸೋತರೂ ಮೂಗು ಬಹುಕಾಲ ಉಳಿಯುತ್ತದೆ. ಹಳೆಯ ಟವೆಲಿನ ಮಡಿಕೆಗಳಲ್ಲಿ ಬೇಯಿಸಿದ ಕೋಳಿಯ ಚೂರು ಬಚ್ಚಿಟ್ಟು ಹುಡುಕಲು ಬಿಡಿ. ದಾರಿಯಲ್ಲಿ ಮೂಸುತ್ತಾ ನಿಂತರೆ ಎಳೆಯಬೇಡಿ. ಮುದಿ ಬೀಗಲ್ ನಾಯಿಗಳ ಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಳ್ಳೆಯ ಆಹಾರ ಮತ್ತು ಇಂಥ ಚಟುವಟಿಕೆ ಎರಡೂ ಸಿಕ್ಕ ನಾಯಿಗಳೇ ಕಲಿಕೆಯ ಪರೀಕ್ಷೆಗಳಲ್ಲಿ ಮುಂದಿದ್ದವು.

- ರಾತ್ರಿಯ ಅಲೆದಾಟಕ್ಕೆ ಮದ್ದು ಹಗಲಿನಿಂದಲೇ ಶುರುವಾಗಬೇಕು. ಬೆಳಗಿನ ಎಳೆಬಿಸಿಲಿಗೆ ಕೂರಿಸಿ, ಸಂಜೆ ಇನ್ನೊಂದು ಸುತ್ತು ನಡೆಸಿ. ಮಲಗುವ ಜಾಗದ ಹತ್ತಿರ ಸಣ್ಣ ದೀಪ ರಾತ್ರಿಯಿಡೀ ಉರಿಯಲಿ, ಕರೆಂಟ್ ಹೋದರೂ ಆರದಂಥದ್ದಿರಲಿ. ಎದ್ದು ಅತ್ತರೆ ಉಚ್ಚೆ, ಬಾಯಾರಿಕೆ, ಚಳಿ, ನೋವು ಒಂದೊಂದನ್ನೇ ನೋಡಿ, ದೀಪ ಹೆಚ್ಚಿಸದೆ, ಮಾತು ಬೆಳೆಸದೆ ಮತ್ತೆ ಮಲಗಿಸಿ.

ಜೊತೆ ಕಡಿಯಬೇಡಿ

- ಕೂಡಿಹಾಕಬೇಡಿ. ಗೂಡಿಗೆ, ಬಚ್ಚಲಿಗೆ ಹಾಕಿದರೆ ಊಳು ಆ ಹೊತ್ತಿಗೆ ಕೇಳಿಸದೇ ಹೋಗಬಹುದು, ಭಯ ಮಾತ್ರ ಇಮ್ಮಡಿಯಾಗುತ್ತದೆ. ಹೊರಬರಲು ಹೆಣಗಿ ಉಗುರು ಕಿತ್ತುಕೊಂಡ, ಹಲ್ಲು ಮುರಿದುಕೊಂಡ ನಾಯಿಗಳಿವೆ. ಸರಪಳಿಯಲ್ಲಿ ಕಟ್ಟಿದರೂ ಅಷ್ಟೇ.

- ಹೊರಡುವ ಸುಳಿವುಗಳ ಭಯ ಕಳೆಯಿರಿ. ಬೀಗದ ಕೈ ಸದ್ದು, ಚಪ್ಪಲಿ, ಹೆಲ್ಮೆಟ್ ಇವುಗಳಿಂದಲೇ ಅದರ ಎದೆಬಡಿತ ಏರುತ್ತದೆ. ಎಲ್ಲಿಗೂ ಹೋಗದಿರುವಾಗಲೂ ಬೀಗದ ಕೈ ಎತ್ತಿ ಕೆಳಗಿಡಿ, ಹೆಲ್ಮೆಟ್ ಹಾಕಿಕೊಂಡು ಕೂತು ಕಾಫಿ ಕುಡಿಯಿರಿ. ಆ ಸದ್ದಿಗೆ ಹೆದರುವ ಕಾರಣವಿಲ್ಲ ಎಂದು ಮೆಲ್ಲಗೆ ಅದಕ್ಕೆ ತಿಳಿಯುತ್ತದೆ.

- ಒಂಟಿಯಾಗಿರುವುದನ್ನು ಸೆಕೆಂಡುಗಳಿಂದ ಕಲಿಸಿ. ಬಾಗಿಲ ಹೊರಗೆ ಹೋಗಿ ತಕ್ಷಣ ಬನ್ನಿ. ಶಾಂತವಾಗಿದ್ದರೆ ಸ್ವಲ್ಪ ಹೆಚ್ಚಿಸಿ, ಹೆದರಿದರೆ ಹಿಂದಿನ ಹಂತಕ್ಕೆ ಇಳಿಯಿರಿ. "ಅತ್ತು ಅತ್ತು ರೂಢಿಯಾಗಲಿ" ಎನ್ನುವವರ ಮಾತು ಕೇಳಬೇಡಿ. ಅರಳುಮರಳು ಮುಂದುವರಿದ ನಾಯಿ ಹೊಸದನ್ನು ಕಲಿಯುವುದು ಕಷ್ಟ. ಅಂಥದಕ್ಕೆ ತರಬೇತಿಗಿಂತ ಜನರ ಜೊತೆಯೇ ದಾರಿ.

- ಜನರನ್ನು ಹೊಂದಿಸಿ. ಗಂಡ ಹೆಂಡತಿ ಬೇರೆ ಬೇರೆ ದಿನ ಮನೆಯಿಂದ ಕೆಲಸ ಮಾಡಲು ಸಾಧ್ಯವೇ ನೋಡಿ. ಕೆಳಮನೆಯ ಅಜ್ಜಿಗೆ ಮಧ್ಯಾಹ್ನ ಬಂದು ಕೂರುವಂತೆ ಕೇಳಿ. ಮನೆಗೆಲಸದವರಿಗೆ ಈ ಹೊಣೆ ಕೊಟ್ಟರೆ ಅದಕ್ಕೆ ಬೇರೆಯಾಗಿ ಸಂಬಳ ಕೊಡಿ. ಊರಿಗೆ ಹೋಗುವಾಗ ಬೋರ್ಡಿಂಗ್‌ನಲ್ಲಿ ಬಿಡುವ ಬದಲು, ನಾಯಿಗೆ ಗೊತ್ತಿರುವವರೇ ಮನೆಗೆ ಬಂದು ಉಳಿಯಲಿ.

- ಜೊತೆಗೆಂದು ಮರಿ ತರಬೇಡಿ. ಮುದಿ ನಾಯಿ ಹುಡುಕುತ್ತಿರುವುದು ನಿಮ್ಮನ್ನು. ಮರಿಯ ಕುಣಿದಾಟ ನೋಯುವ ಮೈಗೆ ಹಿಂಸೆ.

- ಮಲಗಿದ ನಾಯಿಯನ್ನು ಮುಟ್ಟಿ ಎಬ್ಬಿಸಬೇಡಿ. ಮೂಗಿನ ಮುಂದೆ ಕೈ ಹಿಡಿದು ವಾಸನೆ ಸಿಗಲು ಬಿಡಿ. ಬೆಚ್ಚಿಬಿದ್ದ ನಾಯಿ ಪ್ರೀತಿಸುವವರನ್ನೂ ಕಚ್ಚಬಹುದು. ಮಕ್ಕಳಿಗೆ ಇದನ್ನು ಕೂರಿಸಿಕೊಂಡು ಹೇಳಿ.

- ದೀಪಾವಳಿಗೆ ಕೆಲವು ವಾರ ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಿ. ಪಟಾಕಿಯ ರಾತ್ರಿ ಒಳಕೋಣೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಯಾರಾದರೊಬ್ಬರು ಪಕ್ಕದಲ್ಲೇ ಕೂರಿ.

ಊಟ, ಔಷಧ

- ನಿಮ್ಮ ಡಬ್ಬಿಯ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಯಕೃತ್ತು, ಜಠರ, ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಅಜ್ಜನ ನಿದ್ದೆ ಮಾತ್ರೆಯನ್ನೂ ಮುರಿದು ಕೊಡಬೇಡಿ.

- ಡಾಕ್ಟರು ಬರೆಯುವ ಔಷಧಕ್ಕೆ ಹಿಂಜರಿಯಬೇಡಿ. ಒಂಟಿತನದ ಭಯಕ್ಕೆ ಫ್ಲುಯೊಕ್ಸೆಟಿನ್, ಕ್ಲೊಮಿಪ್ರಮಿನ್ ಇವೆ. ಅರಳುಮರಳಿಗೆ ಸೆಲೆಜಿಲಿನ್ ಇದೆ, ಪಾರ್ಕಿನ್ಸನ್ಸ್ ಇರುವ ಮನುಷ್ಯರಿಗೂ ಅದನ್ನು ಕೊಡುತ್ತಾರೆ. ಗುಣ ತಿಳಿಯಲು ಒಂದೆರಡು ತಿಂಗಳು ಬೇಕು. ಒಂದು ವಾರಕ್ಕೇ ಬೇಸತ್ತು ನಿಲ್ಲಿಸಬೇಡಿ.

- ಸೆಲೆಜಿಲಿನ್ ಜೊತೆ ಫ್ಲುಯೊಕ್ಸೆಟಿನ್, ಕ್ಲೊಮಿಪ್ರಮಿನ್, ನೋವಿನ ಟ್ರಮಡಾಲ್ ಸೇರಬಾರದು. ಉಣುಗಿಗೆ ಬಳಸುವ ಅಮಿಟ್ರಾಜ್ ದ್ರಾವಣವೂ ಸೇರಬಾರದು, ಜೀವಕ್ಕೇ ಅಪಾಯ. ಫ್ಲುಯೊಕ್ಸೆಟಿನ್ ನಿಲ್ಲಿಸಿ ಸೆಲೆಜಿಲಿನ್ ಶುರು ಮಾಡಲು ಐದು ವಾರ ಬಿಡುವು ಬೇಕು. ಕೊಡುತ್ತಿರುವ ಎಲ್ಲ ಔಷಧ, ಸಾಬೂನು, ಪುಡಿಗಳ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ.

- ಊಟವನ್ನು ಎರಡು ಮೂರು ಪಾಲು ಮಾಡಿ, ಬೆಚ್ಚಗೆ ಮಾಡಿ ಕೊಡಿ, ವಾಸನೆ ಏಳುತ್ತದೆ. ಕತ್ತು ಬಗ್ಗಿಸಲು ಕಷ್ಟವಿದ್ದರೆ ಬಟ್ಟಲನ್ನು ಮಣೆಯ ಮೇಲಿಡಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಬೇಡ. ಪಾಯಸದಲ್ಲಿರುವ ದ್ರಾಕ್ಷಿಯೂ ದ್ರಾಕ್ಷಿಯೇ.

- ಮಿದುಳಿಗೆ ಒಳ್ಳೆಯದೆಂದು ಕೊಬ್ಬರಿ ಎಣ್ಣೆ ಸುರಿಯಬೇಡಿ. ಪ್ರಯೋಗಗಳಲ್ಲಿ ಬಳಸಿದ ಎಮ್‌ಸಿಟಿ ಎಂಬ ವಿಶೇಷ ಕೊಬ್ಬು ಬೇರೆ, ನಮ್ಮ ಗಾಣದ ಎಣ್ಣೆ ಬೇರೆ. ಜಿಡ್ಡು ಹೆಚ್ಚಾದರೆ ಭೇದಿ ಹತ್ತುತ್ತದೆ, ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು.

ಮನೆಮಂದಿ, ನೆರೆಹೊರೆ, ಕೊನೆಯ ನಿರ್ಧಾರ

- ಹೊಣೆ ಒಬ್ಬರ ಮೇಲೇ ಬೀಳದಿರಲಿ. ಸಾಮಾನ್ಯವಾಗಿ ಮನೆಯ ಹೆಂಗಸೊಬ್ಬಳೇ ರಾತ್ರಿಯಿಡೀ ಎದ್ದು ನೆಲ ಒರೆಸುತ್ತಾಳೆ. ಪಾಳಿ ಹಾಕಿಕೊಳ್ಳಿ. ನಿದ್ದೆಗೆಟ್ಟವರಿಗೆ ತಾಳ್ಮೆ ಉಳಿಯುವುದಿಲ್ಲ, ನಾಯಿಗೆ ಬೇಕಾದ್ದು ನಿಮ್ಮ ತಾಳ್ಮೆ.

- ನೆರೆಯವರಿಗೆ ನೀವೇ ಹೋಗಿ ಹೇಳಿ. "ಅದಕ್ಕೆ ಕಾಯಿಲೆ, ಚಿಕಿತ್ಸೆ ನಡೆಯುತ್ತಿದೆ" ಎಂಬ ಎರಡು ಮಾತಿಗೆ ಬಹಳ ಜನ ಕರಗುತ್ತಾರೆ. ನಿವಾಸಿಗಳ ಸಂಘ ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ.

- ಬೀದಿಗೆ ಬಿಡಬೇಡಿ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ನಿಮ್ಮ ಕೈಯನ್ನಷ್ಟೇ ನಂಬಿ ಬದುಕಿದ ಜೀವ ಅದು ಎಂಬುದನ್ನು ಯಾವ ಕಾಯ್ದೆಯೂ ನಿಮಗೆ ಹೇಳಿಕೊಡಬೇಕಾಗಿಲ್ಲ.

- ಕೊನೆಯ ನಿರ್ಧಾರಕ್ಕೆ ಅಳತೆಯೊಂದಿದೆ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೊಬೊಸ್ ರೂಪಿಸಿದ ಕ್ರಮದಲ್ಲಿ ನೋವಿನ ಹತೋಟಿ, ಊಟ, ನೀರು, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬ ಏಳಕ್ಕೂ ಹತ್ತರಂತೆ ಅಂಕ ಕೊಡಬೇಕು. ಒಟ್ಟು 35ಕ್ಕಿಂತ ಹೆಚ್ಚಿದ್ದರೆ ಬದುಕು ಸಹನೀಯ. ವಾರಕ್ಕೊಮ್ಮೆ ಮನೆಯವರೆಲ್ಲ ಕೂತು ಬರೆಯಿರಿ. ಅಂಕ ಇಳಿಯುತ್ತಲೇ ಹೋದರೆ, ನೋವಿಲ್ಲದೆ ಕಳಿಸಿಕೊಡುವ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಅದರಲ್ಲಿ ಪಾಪವಿಲ್ಲ. ಆ ಹೊತ್ತಿನಲ್ಲಿ ನೀವು ಪಕ್ಕದಲ್ಲೇ ಇರಿ.

ಇವತ್ತೇ ಶುರುಮಾಡಿ

ಎಲ್ಲವನ್ನೂ ಒಮ್ಮೆಗೇ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಮೊದಲು ಮೂರು ಕೆಲಸ ಮಾಡಿ. ಇವತ್ತು ಸಂಜೆ ನಾಯಿ ಓಡಾಡುವ ದಾರಿಗೆ ಚಾಪೆ ಹಾಸಿ. ಮಲಗುವ ಜಾಗಕ್ಕೆ ಸಣ್ಣ ದೀಪ ಇಡಿ. ನಾಳೆ ಹೊರಡುವಾಗ ಹಳೆಯ ಮೊಬೈಲೊಂದನ್ನು ವೀಡಿಯೊಗೆ ಇಟ್ಟು, ಅದನ್ನು ತೋರಿಸಲು ಡಾಕ್ಟರ ಸಮಯ ಕೇಳಿ. ಅರಳುಮರಳನ್ನು ಪೂರ್ತಿ ವಾಸಿ ಮಾಡುವ ಮದ್ದು ಇನ್ನೂ ಬಂದಿಲ್ಲ. ಆದರೆ ಭಯವನ್ನು ತಗ್ಗಿಸಬಹುದು, ನೋವನ್ನು ಕಳೆಯಬಹುದು, ನಿದ್ದೆಯನ್ನು ಮರಳಿ ತರಬಹುದು. ಇವುಗಳಲ್ಲಿ ಬಹುಪಾಲು ನಿಮ್ಮ ಕೈಯಲ್ಲೇ ಇದೆ, ತಡಮಾಡಬೇಡಿ.